ಹದಿನೇಳನೆಯ ಗುಂಪು

ಮಂಡ್ಯದ ಕಚೇರಿ, ಎರಡನೇ ಮಹಡಿ.
ಫ್ಯಾನಿಗೆ ಹಾರದಂತೆ ಚೀಟಿಗಳ ಮೇಲೊಂದು ಸ್ಟೇಪ್ಲರು.
ಜನ ದಿನವಿಡೀ ಏನು ಮಾಡುತ್ತಾರೆಂಬುದನ್ನು
ಹೆಸರು ಬಿಟ್ಟು, ಊರು ಬಿಟ್ಟು,
ಬರೀ ಕ್ರಿಯಾಪದಗಳಲ್ಲಿ ಬಡಿಯುವುದು ನನ್ನ ಪಾಲಿನ ಕೆಲಸ.

ಕೀಲಾರದ ಆಲೆಮನೆಯ ಬೋರಲಿಂಗಣ್ಣ ಬರೆಸಿದ್ದು:
ಕೊಪ್ಪರಿಗೆಗೆ ಉರಿ ಕೊಡದು, ಮಡ್ಡಿ ಎತ್ತದು,
ಪಾಕ ನೀರಿಗೆ ಬಿಟ್ಟು ಬೆರಳಲ್ಲಿ ನೋಡದು.
ಯಾವಾಗ ಇಳಿಸ್ತೀರಿ ಅಂದರೆ
‘ಅದೇ ಹೇಳ್ತದೆ ಕನವ್ವ.’
ಅದಕ್ಕೆ ಕಾಲಂ ಇಲ್ಲ.
‘ಕಾದು ನೋಡುವುದು’ ಅಂತ ಹಾಕಿದೆ.

ಶುಕ್ರವಾರ ಮಧ್ಯಾಹ್ನ ಕಂಪ್ಯೂಟರು
ಎರಡು ಜಿಲ್ಲೆಯ ಚೀಟಿಗಳನ್ನು ಚುಕ್ಕಿಗಳಾಗಿ ಚೆಲ್ಲಿ
ಹತ್ತಿರದವಕ್ಕೆ ಒಂದೊಂದು ಬಣ್ಣ ಕೊಟ್ಟಿತು,
ಒಟ್ಟಲಿನ ಪೈರು ಕಿತ್ತು ಕಂತೆ ಕಟ್ಟಿದ ಹಾಗೆ.
ಡ್ರೈವರುಗಳೊಂದು ಕಡೆ, ಗುಮಾಸ್ತರೊಂದು ಕಡೆ.
ಯಾರಿಗೂ ಆಶ್ಚರ್ಯವಾಗಲಿಲ್ಲ.

ಹದಿನೇಳನೆಯದರಲ್ಲಿ ಮೂರೇ ಚುಕ್ಕಿ.
ಮೂಲ ಚೀಟಿ ತೆಗೆದರೆ: ಬೋರಲಿಂಗಣ್ಣ;
ಮೇಣ ಕಾಯಿಸಿ ವೀಣೆಗೆ ಮೆಟ್ಟಿಲು ಕೂರಿಸಿ
ಕಿವಿಗೊಟ್ಟು ಕೇಳುವ ಮೈಸೂರಿನ ಪದ್ಮನಾಭಾಚಾರ್;
ಹುಲ್ಲುರಿಗೆ ಚರ್ಮ ಹಿಡಿದು, ತಟ್ಟಿ, ಮತ್ತೆ ಹಿಡಿದು
ದನಿ ಏಳುವ ತನಕ ಬಿಡದ ತಮಟೆಯ ಚಿಕ್ಕಸಿದ್ದಯ್ಯ.

ಮೇಡಂ ಕನ್ನಡಕ ಒರೆಸಿಕೊಂಡರು.
‘ಇವರು ಒಂದೇ ಹೇಗಾಗ್ತಾರೆ? ಎಲ್ಲೋ ತಪ್ಪು ಬಡಿದಿದ್ದೀಯ.’
ಗುಂಪುಗಳನ್ನು ಇಪ್ಪತ್ತರಿಂದ ಮೂವತ್ತಕ್ಕೇರಿಸಿದೆವು.
ಟ್ರ್ಯಾಕ್ಟರಿನವರು ಆಟೋದವರಿಂದ ಒಡೆದರು.
ನಲವತ್ತು. ಗುಮಾಸ್ತರು ಮೂರು ಪಾಲಾದರು.
ಹದಿನೇಳು ಇಪ್ಪತ್ತೊಂಬತ್ತಾಯಿತು,
ಮೂವರು ಮೂವರೇ.

ಊರಲ್ಲಾಗಿದ್ದರೆ ಇವರಿಗೆ ಮೂರು ಬೀದಿ,
ನೀರಿಗೆ ಎರಡು ಲೋಟ.
ಯಂತ್ರದ ದೊಡ್ಡತನವೇನಲ್ಲ:
ಫಾರಮ್ಮಿನಲ್ಲಿ ಜಾತಿಯ ಕಾಲಂ ಇರಲಿಲ್ಲ, ಅಷ್ಟೇ.
ಇದ್ದಿದ್ದರೆ ಅದೂ ಕಲಿಯುತ್ತಿತ್ತು.

ಸೋಮವಾರದೊಳಗೆ ಗುಂಪಿಗೊಂದು ಹೆಸರು ಬೇಕು.
‘ಇತರೆ’ ಅಂತ ಹಾಕು, ಅಂದರು ಮೇಡಂ.
ನಾನು ‘ಹದಗಾರರು’ ಅಂತ ಬಡಿದೆ.
ಅಂಥ ಪದ ಇದೆಯೋ ಇಲ್ಲವೋ.
ಓದಿದರು. ಅಳಿಸಲಿಲ್ಲ.
ಸಹಿಯನ್ನೂ ಮಾಡಿಲ್ಲ, ಇನ್ನೂ.

ಸಂಜೆ ಎಲ್ಲರೂ ಎದ್ದ ಮೇಲೆ ನನ್ನದೂ ಒಂದು ಚೀಟಿ ಹಾಕಿದೆ:
ಓದುವುದು, ಬೆರಳಾಡಿಸುವುದು, ಬೇಡದ್ದನ್ನು ತೆಗೆಯುವುದು.
ರೆಪ್ಪೆ ಬಡಿಯುವುದರೊಳಗೆ ನನ್ನನ್ನು ಒಯ್ದು
ಅಕ್ಕಿ ಗಿರಣಿಯಲ್ಲಿ ಕಲ್ಲು ಆರಿಸುವ ಹೆಂಗಸರ ನಡುವೆ ಕೂರಿಸಿತು.

ಅಲ್ಲಿ ಚಿಕ್ಕಮ್ಮ ಮಾದೇವಿ ಇದ್ದಾಳೆ,
ಅವಳ ಚೀಟಿ ಬಡಿದವಳೂ ನಾನೇ.
ಭಾನುವಾರ ಹೋದಾಗ ಹೇಳಬೇಕು:
ಒಸಿ ಸರಕೊ,
ನಂಗೂ ಒಂದು ಮೊರ ಕೊಡು.