ಹಲಗೆ ನಿಂತಲ್ಲಿ

ನಾಪೋಕ್ಲು ಪೇಟೆ ಮುಗಿದು ಬೇತು ಕಡೆ ತಿರುಗುವಲ್ಲಿ
ನಮ್ಮ ತಗಡಿನ ಶೆಡ್ಡು.
ಪ್ಲೇನರಿನ ಬಾಯಿಗೆ ಸಿಲ್ವರ್ ಓಕಿನ ಹಲಗೆ ಕೊಟ್ಟೆ.
ಒಂದು ಮೊಳ ಎಳೆದುಕೊಂಡು ನಿಂತುಬಿಟ್ಟಿತು.
ಮುಂದಕ್ಕಿಲ್ಲ, ಹಿಂದಕ್ಕಿಲ್ಲ,
ಅಲಗು ಮಾತ್ರ ಒಂದೇ ಕಡೆ ತಿರುಗಿ ತಿರುಗಿ
ಗುಳಿ ಕೊರೆದು
ಸೀದ ವಾಸನೆ ಎಬ್ಬಿಸಿತು.

ಆಚಾರಿ ಪಯ್ಯನ್ನೂರಿನಲ್ಲಿ, ತಂಗಿ ಮಗಳ ಮದುವೆ.
ಫೋನಿನಲ್ಲಿ ಚೆಂಡೆ, ಅದರ ಮೇಲೆ ಅವರ ಕೂಗು:
‘ಮೊದಲು ಸ್ವಿಚ್ಚು ಆರಿಸು ಮೋನೇ, ಪ್ಲಗ್ಗೂ ಕೀಳು.
ನನ್ನ ನಡುಬೆರಳು ನೋಡಿದ್ದೀಯಲ್ಲ.
ಎಷ್ಟು ಇಳಿಸಿದ್ದೀ?’
ಎರಡೂವರೆ ಮಿಲಿ ಅಂದೆ.
‘ಹೊಟ್ಟೆಬಾಕ! ಒಂದಕ್ಕೆ ಬಾ.’

ಒಂದಕ್ಕೆ ಬಂದೆ. ಇನ್ನೊಂದು ಗೇಣು ಹೋಯಿತು, ಅಷ್ಟೆ.

‘ರೋಲರಿನ ಹಲ್ಲು ನೋಡು.’
ಬಗ್ಗಿ ಟಾರ್ಚು ಬಿಟ್ಟೆ.
ಹಲ್ಲಿನ ಸಂದಿಗೆಲ್ಲ ಕಪ್ಪು ಅಂಟು,
ಕಾಫಿ ಕೊಯ್ದವರ ಬೆರಳಿಗೆ ಹತ್ತುವಂಥದ್ದು,
ಸೋಪಿಗೆ ಜಗ್ಗದ್ದು.
ಹೋದ ವಾರ ಧೂಪದ ಹಲಗೆ ಹಾಯಿಸಿದ್ದು ನಾನೇ,
ಒರೆಸದೆ ಮನೆಗೆ ಹೋದದ್ದೂ ನಾನೇ.
ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್ಷು.
ಕೆರೆದಷ್ಟೂ ಶೆಡ್ಡು ಘಮ್ಮೆಂದಿತು,
ಯಾರ ಪೂಜೆಯೋ ಏನೋ ಎಂಬಂತೆ.

‘ಇನ್ನೂ ಜಾರಿದರೆ ಸ್ಪ್ರಿಂಗು ಬಿಗಿ ಮಾಡು, ಎರಡೂ ಕಡೆ ಸಮ…’
ಅಷ್ಟಕ್ಕೆ ಸಿಗ್ನಲು ಹೋಯಿತು.
ಸಮ ಅಂದರೆ ಎಷ್ಟು?
ಎಡಕ್ಕೆ ಒಂದು ಸುತ್ತು, ಬಲಕ್ಕೆ ಮುಕ್ಕಾಲು.
ಹಲಗೆ ಮೊಂಡು ಹೋರಿಯಂತೆ ಓರೆ ನಡೆದು
ಬದಿಗೆ ಗುದ್ದಿತು.
ಮತ್ತೆ ಬಿಚ್ಚಿದೆ, ಮತ್ತೆ ಎಣಿಸಿದೆ.

ಚೋಂದಮ್ಮ ಬಂದದ್ದು ಆಗ.
ಮೂವತ್ತು ಜೇನುಪೆಟ್ಟಿಗೆ ಆಕೆಯ ಆರ್ಡರು.
ತುಡುವೆ ಹಿಂಡು ಪಾಲಾಗುವ ಮೊದಲು ಬೇಕಂತೆ,
ಜೇನು ನಿನ್ನ ಪ್ಲೇನರಿಗೆ ಕಾಯುವುದಿಲ್ಲ ಅಂದರು.
ಹಲಗೆಯೊಂದನ್ನು ಎತ್ತಿ ಕೆನ್ನೆಗೆ ಒತ್ತಿದರು:
‘ಇದು ಇನ್ನೂ ಮರ ಕಣೋ,
ಹಲಗೆ ಆಗಿಲ್ಲ.’
ಒಣಗಿದ್ದನ್ನು ಅಟ್ಟಿಯ ಅಡಿಯಿಂದ ಅವರೇ ಹುಡುಕಿ ತೆಗೆದರು,
ಬಡಿದು ನೋಡಿ, ತೆಂಗಿನಕಾಯಿ ಆರಿಸುವ ಹಾಗೆ.

ಆಮೇಲೆ ಮೆಷಿನ್ನಿನ ಹಾಸಿನ ಮೇಲೆ ಅಂಗೈ ಸವರಿದರು.
ಅಂಗೈ ಕೆಂಪಾಯಿತು.
ಮಳೆಗಾಲ ನಾಲ್ಕು ತಿಂಗಳು ಕೂತು
ಎಳೆಯ ತುಕ್ಕು ಬಿಟ್ಟು ಹೋಗಿತ್ತು,
ನನ್ನ ಕಣ್ಣಿಗೆ ಬಿದ್ದಿರಲಿಲ್ಲ.
ಉಪ್ಪುಕಾಗದ ಹಾಕಿ ಉಜ್ಜಿಸಿದರು.
ಚೀಲದಿಂದ ಮೇಣದ ಉಂಡೆ ತೆಗೆದರು,
ಬೆಲ್ಲದ ಬಣ್ಣ, ರೆಕ್ಕೆಯೊಂದು ಅಂಟಿದ್ದು.
‘ಪೆಟ್ಟಿಗೆಯ ಒಳಗೆ ಹಚ್ಚಲು ತಂದದ್ದು,
ಹುಳ ಈ ವಾಸನೆಗೆ ಬರುತ್ತದೆ.
ಹಲಗೆಗೂ ಒಂದಿಷ್ಟು ತೋರಿಸೋಣ.’
ತಿಕ್ಕಿದರು. ಹಳೆ ಪಂಚೆಯಲ್ಲಿ ಒರೆಸಿದರು.
ಕಬ್ಬಿಣಕ್ಕೆ ಬೆಳಕು ಬಂತು.

ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದೆ.
ಹಲಗೆ ಹೋಯಿತು.
ಒತ್ತಲಿಲ್ಲ ನಾನು, ಬೆರಳು ಬರೀ ಮೇಲಿತ್ತು,
ಅದೇ ನಡೆದು ಆಚೆ ಬಂತು,
ಸಿಪ್ಪೆ ಸುರುಳಿ ಸುರುಳಿಯಾಗಿ ನನ್ನ ಅಂಗಿಯ ಜೇಬಿಗೆ.
ಕೊನೆಯ ಎರಡು ಇಂಚಿಗೆ ಮಾತ್ರ ಸಣ್ಣ ತಗ್ಗು.
ಹಿಂದೆ ಎತ್ತಿ ಹಿಡಿಯುವವರಿಲ್ಲದ್ದಕ್ಕೆ ಹಾಗಾಯಿತು ಎಂದೆ.
‘ಇರಲಿ ಬಿಡು, ಸಂದು ಬಿಟ್ಟರೆ ಅವೇ ಮೆತ್ತಿಕೊಳ್ಳುತ್ತವೆ’
ಎಂದು ಮುಂದಿನ ಹಲಗೆಯ ಬಾಲ
ಅವರೇ ಹಿಡಿದು ನಿಂತರು.

ರಾತ್ರಿ ಆಚಾರಿಯ ಫೋನು. ಊಟ ಮಾಡುತ್ತಿದ್ದೆ,
ಎಷ್ಟು ತೊಳೆದರೂ ಕೈಯಲ್ಲಿ ಧೂಪ, ಮೇಣ, ಸೀಮೆಎಣ್ಣೆ.
‘ಹೋಯಿತಾ?’
ಹೋಯಿತು.
‘ಯಾವುದರಿಂದ ಹೋಯಿತು?’
ಅನ್ನದ ತುತ್ತು ಅಲ್ಲೇ ನಿಂತಿತು.
ಎಲ್ಲ ಒಟ್ಟಿಗೇ ಮಾಡಿದ್ದೆ, ಯಾವುದು ಎಂದು ಹೇಳಲಿ?
ಆ ಕಡೆ ಒಂದು ದೀರ್ಘ ಉಸಿರು.
‘ಒಂದೊಂದೇ ಮಾಡಬೇಕು ಮೋನೇ.
ಇಲ್ಲದಿದ್ದರೆ ಮೆಷಿನ್ನು ಸರಿಯಾಗುತ್ತದೆ,
ನೀನು ಹಾಗೇ ಇರುತ್ತೀ.’
ಚೆಂಡೆ ನಿಂತಿತ್ತು. ಯಾರೋ ಪಾತ್ರೆ ತೊಳೆಯುತ್ತಿದ್ದರು.