ಇನ್ನೂರ ಹದಿನಾಲ್ಕು

ಲೀಮಾದ ಬೋಳುಗುಡ್ಡ. ಮಂಜು ಇನ್ನೂ ಎದ್ದಿಲ್ಲ.
ನಗರಸಭೆಯ ಕಾಗದದಲ್ಲಿ ನೂರ ತೊಂಬತ್ತು ಮೆಟ್ಟಿಲು;
ಎವುಡೋಸಿಯಾ ಎಣಿಸಿದ್ದು ಇನ್ನೂರ ಹದಿನಾಲ್ಕು,
ಮಣ್ಣಿನ ಜಾರಿನಲ್ಲಿ, ನೀರು ಹೊತ್ತು, ಮಂಡಿಯಿಂದ.

"ಲೆಕ್ಕ ಎಲ್ಲಿದೆ?" ಎಂದ ಗುಮಾಸ್ತ.
ಗಂಜಿಮನೆಯ ಹೆಂಗಸರು
ಪಡಿ ಬರೆಯುವ ವಹಿ ಬಿಚ್ಚಿದರು:
ಬಟಾಣಿ, ಎಣ್ಣೆ, ಎರಡು ಮೀನು,
ಅದರ ಕೆಳಗೆ
ಗೆರೆ ಗೆರೆ ಗೆರೆ, ಮೆಟ್ಟಿಲಿಗೊಂದು.
ಅವನು ಕನ್ನಡಕ ಒರೆಸಿಕೊಂಡ.
ಮೊದಲ ಸಲ ಕುರ್ಚಿ ತೋರಿಸಿದ.

ಆಮೇಲೆ ಮಂಗಳವಾರ ಮಂಗಳವಾರ ಸಭೆ.
ಕಂಬಿ ಮೊದಲೋ ದೀಪವೋ ಅಂತ ಕಾದಾಡಿದೆವು,
ಅವನ ಜೊತೆ ಅಲ್ಲ, ನಮ್ಮ ನಮ್ಮಲ್ಲೇ.
ಒಂದು ದಿನ ಅವನೇ ಹತ್ತಿ ಬಂದ,
ನಡುದಾರಿಯ ಬಂಡೆಯ ಮೇಲೆ ಕುಸಿದು ಏದುಸಿರು ಬಿಟ್ಟ.
ಯಾರೋ ಸೂಪು ಕೊಟ್ಟರು. ಯಾರೂ ನಗಲಿಲ್ಲ.
ನಾನು ನಕ್ಕೆ.

ಈಗ ಮೆಟ್ಟಿಲಿದೆ, ಹಳದಿ ಬಣ್ಣ.
ನಗರಸಭೆಯಲ್ಲಿ ಎವುಡೋಸಿಯಾಗೆ ಮೇಜಿದೆ, ಮೊಹರಿದೆ.
ನಿನ್ನೆ ಚರಂಡಿಯ ಅರ್ಜಿ ಹಿಡಿದು ಹೋದೆ.
"ಲೆಕ್ಕ ಎಲ್ಲಿದೆ?" ಎಂದಳು.
ತಪ್ಪೇನಿಲ್ಲ, ಕೇಳಬೇಕಾದ್ದೇ.
ಕುರ್ಚಿಯನ್ನೂ ತೋರಿಸಿದಳು.

ಆದರೂ ಮನೆಗೆ ಹತ್ತುತ್ತಾ
ಯಾಕೋ ಎಣಿಸಿದೆ:
ಇನ್ನೂರ ಹದಿಮೂರು.
ಕೆಳಗಿಳಿದು
ಮತ್ತೆ ಒಂದರಿಂದ ಶುರು ಮಾಡಿದೆ.