ಅವಲಂಬಿತರ ಕಾಲಂ

ಮೊದಲು ಇದು ಕಾಫಿ ಕ್ಯೂರಿಂಗ್ ವರ್ಕ್ಸ್.
ಈಗ ವಿಶ್ವವಿದ್ಯಾಲಯ, ಖಾಸಗಿ, ಪುಟ್ಟದು.
ಗೋಣಿಕೊಪ್ಪದ ಆಟೋದವರು ಇನ್ನೂ
'ಕ್ಯೂರಿಂಗಿಗಾ?' ಎಂದೇ ಕೇಳುತ್ತಾರೆ.
ಬೀಜ ಒಣಹಾಕುತ್ತಿದ್ದ ಕಣದಲ್ಲಿ ಕಾರುಗಳು.
ನನ್ನಮ್ಮ ಸಾಲಲ್ಲಿ ಕುಕ್ಕರುಗಾಲಲ್ಲಿ ಕೂತು
ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದ ಶೆಡ್ಡಿನಲ್ಲಿ
ನನ್ನ ಮೇಜು: ಪ್ರವೇಶ ಮತ್ತು ಶುಲ್ಕ ನೆರವು.

ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ.
ಹಾಸ್ಟೆಲ್ ಬೇರೆ. ಲ್ಯಾಬ್ ಬೇರೆ.
ಮರಳಿಸುವ ಠೇವಣಿ ಬೇರೆ,
ಮರಳಿಸಿದ್ದನ್ನು ನಾನಂತೂ ಕಂಡಿಲ್ಲ.
ತೋಟದವರು ಬಂದರೆ ನಿಂತಲ್ಲೇ ಭಾಗಿಸುತ್ತಾರೆ
ಕರಿಮೆಣಸಿನ ರೇಟಿಗೆ; ತುಟಿ ಅಲ್ಲಾಡುತ್ತದೆ.
ಒಬ್ಬಾಕೆ ಕೇಳಿದರು,
ಅವಳಿ ಮಕ್ಕಳನ್ನು ಸೇರಿಸಿದರೆ
ಒಂದಕ್ಕೆ ಅರ್ಧ ಬಿಡ್ತೀರಾ?
ನಗಲಿಲ್ಲ ನಾನು. ವಿಚಾರಿಸಿ ಹೇಳ್ತೇನೆ ಎಂದೆ.
ವಿಚಾರಿಸಿದೆ.
ಇಲ್ಲವಂತೆ.

ದುಬಾರೆ ಕಡೆಯದೊಂದು ಅರ್ಜಿ. ಹೆಸರು
ಜೆ.ಕೆ. ರೋಜಾ.
ಇನಿಷಿಯಲ್ ಬಿಡಿಸಿ ಬರೆಯಿರಿ ಎಂಬಲ್ಲಿ
ಜೇನು, ಕುರುಬ.
ನಮ್ಮ ಕಂಪ್ಯೂಟರಿಗೆ ಅದು ತಿಳಿಯದೆ
ತಂದೆ: ಶ್ರೀ ಜೇನು ಎಂದು ಮುದ್ರಿಸಿತು.
ತಂದೆ ಬೊಮ್ಮ. ಕೆಲಸ, ಆನೆ ಶಿಬಿರದಲ್ಲಿ ಕಾವಾಡಿ.
ಅವಲಂಬಿತರು:
ಹೆಂಡತಿ. ಅತ್ತೆ. ಮಗಳು. ಮಗಳು. ಮಗ.
ಆರನೆಯ ಸಾಲು, ನಂಜುಂಡ, ವಯಸ್ಸು ನಲವತ್ತಾರು.
ಸಂಬಂಧ ಎಂಬಲ್ಲಿ ಖಾಲಿ.

ಆರು ಮುಟ್ಟಿದರೆ ಶೇಕಡ ಹತ್ತು ಹೆಚ್ಚು ರಿಯಾಯಿತಿ.
ಆ ನಿಯಮ ಟೈಪ್ ಮಾಡಿದವಳೇ ನಾನು.
ಫೋನ್ ಹಚ್ಚಿ ಕೇಳಿದೆ,
ನಂಜುಂಡನ ಆಧಾರ್ ಇಟ್ಟಿಲ್ಲವಲ್ಲ?
ಆ ಕಡೆ ಸರಪಳಿಯ ಸದ್ದು, ನೀರು,
ಏನೋ ದೊಡ್ಡದು ಉಸಿರು ಬಿಟ್ಟಿತು.
'ಚಿಪ್ ಇದೆ ಮೇಡಂ,' ಎಂದ ಬೊಮ್ಮ,
'ಕಿವಿ ಹಿಂದೆ. ನಂಬರ್ ಹೇಳ್ಲಾ?'

ಸಮಿತಿಯಲ್ಲಿ ಮೊಣ್ಣಪ್ಪನವರು ಮೇಜು ಬಡಿದು ನಕ್ಕರು,
ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.
ಲೆಕ್ಕಪತ್ರದವರು ನಗಲಿಲ್ಲ.
'ಆನೆಗೆ ಇಲಾಖೆ ರೇಷನ್ ಇದೆ,
ಅಕ್ಕಿ, ಬೆಲ್ಲ, ಭತ್ತದ ಹುಲ್ಲು. ಹೊಡೆದು ಹಾಕಿ.'

ಸಂದರ್ಶನಕ್ಕೆ ಬಂದ ಹುಡುಗಿ
ಕುರ್ಚಿಯ ತುದಿಯಲ್ಲಿ ಕೂತು ಅಂದಳು,
'ಅಪ್ಪ ತಪ್ಪು ಬರೆದಿದ್ದಾರೆ.'
ಹೌದು ಮಗಾ, ಎಂದೆ, ಕೆಂಪು ಪೆನ್ನು ಬಿಚ್ಚುತ್ತ.
'ಅವನು ಆ ಕಾಲಮಿನವನಲ್ಲ ಮೇಡಂ.
ಮೇಲೆ ಪೋಷಕರು ಅಂತಿದೆಯಲ್ಲ, ಅಲ್ಲಿಗೆ.
ಅವನಿಗೆ ಮದ ಬಂದು ದಸರಾ ತಪ್ಪಿದ ವರ್ಷವೇ
ನನ್ನ ಪಿಯುಸಿ ಫೀಸು ತಪ್ಪಿದ್ದು.'

ನಾನು ಏನೂ ಹೇಳಲಿಲ್ಲ.
ಗೇಟಿನಲ್ಲಿ ತಪಾಸಣೆ ಇದ್ದರೂ ಅಮ್ಮ
ಸೆರಗಿನ ಗಂಟಲ್ಲಿ ಒಂದು ಹಿಡಿ ಒಡಕು ಬೀಜ ತರುತ್ತಿದ್ದಳು.
ಅದೇ ನಮ್ಮನೆ ಕಾಫಿ. ಅದೊಂದು ನೆನಪಾಯಿತು,
ಯಾಕೋ.

ಐದೇ ಜನ ಎಂದು ಇತ್ಯರ್ಥ. ಶೇಕಡ ನಲವತ್ತು.
ಸರ್ಕಾರದ್ದು ಬಂದಾಗ ಬರುತ್ತದೆ.
ಉಳಿದದ್ದಕ್ಕೆ ಮೂರು ಕಂತು.
ಎರಡನೆಯದರ ದಿನಾಂಕದ ಚೌಕದಲ್ಲಿ ಬೊಮ್ಮ
ಮಗಳ ಕೈಯಲ್ಲಿ ಬರೆಸಿದ:
ದಸರಾ ಮುಗಿಸಿ ಲಾರಿ ವಾಪಸು ಬಂದ ಮೇಲೆ.
ಚೌಕ ಸಾಲದೆ ಅಕ್ಷರಗಳು
ಕುಲಪತಿಗಳ ಸಹಿಯ ಮೇಲೆ ಹತ್ತಿ ಕೂತವು.

ಲಾರಿ ಬಂತು. ಬೊಮ್ಮನೂ ಬಂದ,
ಟವೆಲಲ್ಲಿ ಸುತ್ತಿದ ನೋಟು, ಹುಲ್ಲಿನ ವಾಸನೆ.
ಎರಡು ಸಲ ಎಣಿಸಿದೆ. ಸರಿಯಿತ್ತು.
ನಂಜುಂಡ ಹೇಗಿದ್ದಾನೆ ಎಂದೆ.
'ಮೈಸೂರಲ್ಲಿ ಕಬ್ಬು ತಿಂದು ಸ್ವಲ್ಪ ಸೊಕ್ಕು,' ಎಂದ.

ರಸೀದಿ ಪುಸ್ತಕ ತೆರೆದು
ಪಾವತಿಸಿದವರು ಎಂಬಲ್ಲಿ
ನಂಜುಂಡ ಎಂದು ಬರೆದೆ, ಗುಂಡಗೆ.
ಆಡಿಟ್ ಇರುವುದು ಮಾರ್ಚಿಗೆ.